ಹನ್ನೆರಡು ಹಾಡುಗಳ ಸಂಕಲನ: ಮಡ್ಡಿ ವಾಟರ್ಸ್ ಮತ್ತು ಷಿಕಾಗೊ ಬ್ಲೂಸ್

ಜನಪದ ಹಾಡಿಗೆ ಒಂದು ನೆಲವಿರುತ್ತದೆ. ಹಾಡುವ ಜನ ಆ ನೆಲವನ್ನು ಬಿಟ್ಟು ಮಹಾನಗರವನ್ನು ಸೇರಿದಾಗ ಹಾಡಿಗೆ ಏನಾಗುತ್ತದೆ ಎಂಬುದು ಜಾನಪದ ಅಧ್ಯಯನದ ಹಳೆಯ ಪ್ರಶ್ನೆಗಳಲ್ಲೊಂದು. ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಹಾಡು ನಗರದಲ್ಲಿ ಕ್ರಮೇಣ ಕಣ್ಮರೆಯಾಗುತ್ತದೆ ಎಂಬುದು ಒಂದು. ಮಾರಾಟದ ಸರಕಾಗಿ ಕೆಟ್ಟುಹೋಗುತ್ತದೆ ಎಂಬುದು ಇನ್ನೊಂದು. ಈ ಎರಡು ಉತ್ತರಗಳೂ ಅಪೂರ್ಣವೆಂಬುದನ್ನು ತೋರಿಸುವ ಒಂದು ಧ್ವನಿಮುದ್ರಿಕೆ 1958ರಲ್ಲಿ ಅಮೆರಿಕದ ಷಿಕಾಗೊ ನಗರದಿಂದ ಹೊರಬಂದಿತು. ಅದರ ಹೆಸರು ‘ದಿ ಬೆಸ್ಟ್ ಆಫ್ ಮಡ್ಡಿ ವಾಟರ್ಸ್’. ಹೊರತಂದ ಸಂಸ್ಥೆ ಚೆಸ್ ರೆಕಾರ್ಡ್ಸ್. ಅದರ ಕ್ರಮಸಂಖ್ಯೆ ಎಲ್.ಪಿ. 1427.

ಇದು ಏಕಕಾಲದಲ್ಲಿ ಯೋಜಿಸಿ ಹಾಡಿದ ಕೃತಿಯಲ್ಲ. 1948ರಿಂದ 1954ರವರೆಗಿನ ಅವಧಿಯಲ್ಲಿ ಬಿಡಿಬಿಡಿಯಾಗಿ ಮುದ್ರಣಗೊಂಡು ಬಿಡಿಬಿಡಿಯಾಗಿಯೇ ಮಾರಾಟವಾಗಿದ್ದ ಹನ್ನೆರಡು ಹಾಡುಗಳನ್ನು ಒಂದೆಡೆ ಸೇರಿಸಿದ ಸಂಕಲನ. ಆದರೂ ವಿದ್ಯುತ್ ಬ್ಲೂಸ್ ಎಂಬ ಸಂಗೀತ ಪ್ರಕಾರದ ಆಧಾರಗ್ರಂಥವೆಂಬಂತೆ ಇದು ಇಂದಿಗೂ ಮನ್ನಣೆ ಪಡೆದಿದೆ. ಸಂಕಲನವೊಂದು ಆಧಾರಗ್ರಂಥದ ಸ್ಥಾನಕ್ಕೆ ಏರಿದ್ದು ಹೇಗೆ, ಏರುವಾಗ ಅದು ಯಾವುದನ್ನು ಉಳಿಸಿತು ಹಾಗೂ ಯಾವುದನ್ನು ಮರೆಮಾಡಿತು ಎಂಬುದನ್ನು ತಿಳಿಯಬೇಕಾದರೆ, ಆ ಹನ್ನೆರಡು ಹಾಡುಗಳನ್ನು ಮತ್ತೆ ಅವುಗಳ ಕಾಲ ಮತ್ತು ಸ್ಥಳಗಳಲ್ಲಿಟ್ಟು ನೋಡಬೇಕಾಗುತ್ತದೆ.

ಬ್ಲೂಸಿನ ಬಂಧ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ 1865ರಲ್ಲಿ ಕೊನೆಗೊಂಡಿತು. ಆದರೆ ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಮೂಲದ ಜನರ ಬದುಕು ಹೆಚ್ಚು ಬದಲಾಗಲಿಲ್ಲ. ಜಮೀನುದಾರನಿಗೆ ಬೆಳೆಯ ಪಾಲು ಕೊಟ್ಟು ಉಳುವ ಪದ್ಧತಿ ಅವರನ್ನು ಸಾಲದಲ್ಲಿ ಕಟ್ಟಿಹಾಕಿತು. ಈ ಜನರ ನಡುವೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರೂಪುಗೊಂಡ ಹಾಡುಗಾರಿಕೆಯೇ ಬ್ಲೂಸ್.

ಇದರ ಹೆಚ್ಚು ಬಳಕೆಯ ಬಂಧ ಸರಳವಾದುದು. ನಾಲ್ಕು ನಾಲ್ಕು ಎಣಿಕೆಗಳ ಹನ್ನೆರಡು ಘಟಕಗಳಲ್ಲಿ ಒಂದು ಪದ್ಯ ಮುಗಿಯುತ್ತದೆ. ಮೊದಲ ಸಾಲನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡಲಾಗುತ್ತದೆ. ಪ್ರತಿ ಸಾಲಿನ ಬಳಿಕ ಉಳಿಯುವ ತೆರಪಿನಲ್ಲಿ ವಾದ್ಯ ಮಾತನಾಡುತ್ತದೆ. ಗಾಂಧಾರ ಮತ್ತು ನಿಷಾದ ಸ್ವರಗಳು ಕೋಮಲಕ್ಕೂ ಶುದ್ಧಕ್ಕೂ ನಡುವಿನ ಯಾವುದೋ ಸ್ಥಾನದಲ್ಲಿ ತೂಗಾಡುತ್ತವೆ. ಬ್ಲೂಸಿನ ವಿಶಿಷ್ಟವಾದ ಕೊರಗು ಮುಖ್ಯವಾಗಿ ಅಲ್ಲಿಂದ ಬರುತ್ತದೆ. ಸೀಸೆಯ ಕುತ್ತಿಗೆಯನ್ನೋ ಲೋಹದ ಕೊಳವೆಯನ್ನೋ ಬೆರಳಿಗೆ ತೊಡಿಸಿ ಗಿಟಾರಿನ ತಂತಿಯ ಮೇಲೆ ಜಾರಿಸಿ ನುಡಿಸುವ ಕ್ರಮ ಮಿಸಿಸಿಪಿ ಪ್ರದೇಶದಲ್ಲಿ ಬಹಳ ಬಳಕೆಯಲ್ಲಿತ್ತು. ಕರ್ನಾಟಕ ಸಂಗೀತದ ಜಾರು ಗಮಕವನ್ನು ಬಲ್ಲವರಿಗೆ ಈ ನುಡಿಸುವಿಕೆಯ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ.

ಸ್ಟೋವಾಲ್‌ನ ಜಗಲಿ

ಮಡ್ಡಿ ವಾಟರ್ಸ್‌ನ ನಿಜನಾಮ ಮೆಕಿನ್ಲಿ ಮಾರ್ಗನ್‌ಫೀಲ್ಡ್. ಮಿಸಿಸಿಪಿ ರಾಜ್ಯದಲ್ಲಿ ಹುಟ್ಟಿದ ಆತ ಕ್ಲಾರ್ಕ್ಸ್‌ಡೇಲ್ ಪಟ್ಟಣಕ್ಕೆ ಸಮೀಪದ ಸ್ಟೋವಾಲ್ ಎಂಬ ಹತ್ತಿಯ ಎಸ್ಟೇಟಿನಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆದ. ಕೆಸರು ನೀರಿನಲ್ಲಿ ಆಡುತ್ತಿದ್ದ ಮಗುವಿಗೆ ಅಂಟಿದ ಅಡ್ಡಹೆಸರೇ ಮುಂದೆ ಲೋಕಪ್ರಸಿದ್ಧವಾಯಿತು. ಹಗಲು ಟ್ರ್ಯಾಕ್ಟರ್ ನಡೆಸುವುದು, ವಾರದ ಕೊನೆಯಲ್ಲಿ ಸುತ್ತಲಿನ ಜನರ ಕುಣಿತಕ್ಕೆ ಹಾಡುವುದು, ಇದು ಅವನ ದಿನಚರಿಯಾಗಿತ್ತು. ಸನ್ ಹೌಸ್ ಎಂಬ ಹಿರಿಯ ಗಾಯಕನಿಂದ ಅವನು ಕಲಿತ. ರಾಬರ್ಟ್ ಜಾನ್ಸನ್‌ನ ಧ್ವನಿಮುದ್ರಿಕೆಗಳನ್ನು ಕೇಳಿ ಕಲಿತ.

1941ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯ ಜಂಟಿಯಾಗಿ ಕೈಗೊಂಡ ಕ್ಷೇತ್ರಕಾರ್ಯದ ತಂಡ ಸ್ಟೋವಾಲ್‌ಗೆ ಬಂದಿತು. ಲೈಬ್ರರಿಯ ಕಡೆಯಿಂದ ಅಲನ್ ಲೋಮ್ಯಾಕ್ಸ್, ಫಿಸ್ಕ್‌ನ ಕಡೆಯಿಂದ ಸಂಗೀತ ವಿದ್ವಾಂಸ ಜಾನ್ ವರ್ಕ್ ಅದರಲ್ಲಿದ್ದರು. ಲೋಮ್ಯಾಕ್ಸ್‌ನ ಹೆಸರು ಜಗತ್ತಿಗೆಲ್ಲ ತಿಳಿಯಿತು. ಆಫ್ರಿಕನ್-ಅಮೆರಿಕನ್ ವಿದ್ವಾಂಸನಾದ ವರ್ಕ್ ಮತ್ತು ಅವನ ಸಹೋದ್ಯೋಗಿಗಳು ಬರೆದಿಟ್ಟ ಅಧ್ಯಯನ ಪುಸ್ತಕವಾಗಿ ಪ್ರಕಟವಾದದ್ದು 2005ರಲ್ಲಿ. ಕ್ಷೇತ್ರಕಾರ್ಯದ ಚರಿತ್ರೆಯಲ್ಲಿ ಯಾರ ಹೆಸರು ಉಳಿಯುತ್ತದೆ ಎಂಬುದಕ್ಕೆ ಇದೂ ಒಂದು ನಿದರ್ಶನ.

ವಾಟರ್ಸ್ ಆ ದಿನ ಹಾಡಿದ ಹಾಡುಗಳಲ್ಲಿ ಎರಡನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಒಂದು ‘ಕಂಟ್ರಿ ಬ್ಲೂಸ್’, ಮತ್ತೊಂದು ‘ಐ ಬೀಸ್ ಟ್ರಬಲ್ಡ್’. ಗಿಟಾರು ಮತ್ತು ಕಂಠ ಬಿಟ್ಟರೆ ಬೇರೇನೂ ಇರಲಿಲ್ಲ. ಮುದ್ರಣ ಮುಗಿದ ಮೇಲೆ ತನ್ನ ಧ್ವನಿಯನ್ನು ತಾನೇ ಕೇಳಿದಾಗ, ತಾನೂ ಒಬ್ಬ ಗಾಯಕನಾಗಬಲ್ಲೆನೆಂಬ ನಂಬಿಕೆ ಮೂಡಿತೆಂದು ವಾಟರ್ಸ್ ಮುಂದೆ ಹೇಳಿಕೊಂಡ. ಸಂಗ್ರಾಹಕನ ಯಂತ್ರ ಹಾಡನ್ನು ಸಂಗ್ರಹಿಸಿದ್ದಷ್ಟೇ ಅಲ್ಲ, ಹಾಡುವವನಿಗೆ ಅವನ ಧ್ವನಿಯ ಬೆಲೆಯನ್ನೂ ತಿಳಿಸಿತು.

1943ರಲ್ಲಿ ಆತ ಗಂಟೆಯ ಕೂಲಿಯನ್ನು ಇಪ್ಪತ್ತೆರಡೂವರೆ ಸೆಂಟಿನಿಂದ ಇಪ್ಪತ್ತೈದು ಸೆಂಟಿಗೆ ಏರಿಸಬೇಕೆಂದು ಎಸ್ಟೇಟಿನ ಮೇಲ್ವಿಚಾರಕನನ್ನು ಕೇಳಿದ. ಕೇಳಿದ್ದು ಸಿಗಲಿಲ್ಲ, ಸಿಟ್ಟಿನ ಮಾತು ಸಿಕ್ಕಿತು. ಕೆಲವೇ ದಿನಗಳಲ್ಲಿ ಆತ ಷಿಕಾಗೊದ ರೈಲು ಹತ್ತಿದ. ಎರಡೂವರೆ ಸೆಂಟಿನ ಈ ವ್ಯಾಜ್ಯ ಒಬ್ಬನದೇ ಕಥೆಯಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಏಳು ದಶಕಗಳಲ್ಲಿ ಹೀಗೆ ದಕ್ಷಿಣವನ್ನು ಬಿಟ್ಟು ಉತ್ತರ ಹಾಗೂ ಪಶ್ಚಿಮದ ನಗರಗಳಿಗೆ ಹೋದ ಆಫ್ರಿಕನ್-ಅಮೆರಿಕನ್ನರ ಸಂಖ್ಯೆ ಸುಮಾರು 60 ಲಕ್ಷವೆಂದು ಇತಿಹಾಸಕಾರರು ಲೆಕ್ಕಹಾಕಿದ್ದಾರೆ. ಮಿಸಿಸಿಪಿಯಿಂದ ಹೊರಟವರಿಗೆ ಇಲಿನಾಯ್ ಸೆಂಟ್ರಲ್ ರೈಲುಮಾರ್ಗ ನೇರವಾಗಿ ಷಿಕಾಗೊದ ಹಾದಿಯನ್ನು ತೋರಿಸಿತು.

ವಿದ್ಯುತ್ತು ಬಂದ ಕಾರಣ

ಷಿಕಾಗೊದಲ್ಲಿ ವಾಟರ್ಸ್ ಕಾರ್ಖಾನೆಯಲ್ಲಿ ದುಡಿದ, ಲಾರಿ ನಡೆಸಿದ, ರಾತ್ರಿ ಮದ್ಯದಂಗಡಿಗಳಲ್ಲಿ ಹಾಡಿದ. ಜಗಲಿಯ ಮೇಲೆ ಕುಳಿತು ಹತ್ತು ಮಂದಿಗೆ ಹಾಡುವ ಗಿಟಾರು ಅಲ್ಲಿ ಕೇಳಿಸುವಂತಿರಲಿಲ್ಲ. ಜನರ ಗದ್ದಲ, ಗಾಜಿನ ಲೋಟಗಳ ಸದ್ದು, ಹೊರಗೆ ರಸ್ತೆಯ ಸಪ್ಪಳ, ಇವೆಲ್ಲವನ್ನೂ ಮೀರಬೇಕಾಗಿತ್ತು. ಆತ ವಿದ್ಯುತ್ ಗಿಟಾರನ್ನು ಕೈಗೆತ್ತಿಕೊಂಡದ್ದು ಈ ಕಾರಣದಿಂದ. ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಅದರ ಕೆಳಗಿರುವ ಅಯಸ್ಕಾಂತ ಮತ್ತು ತಂತಿಸುರುಳಿ ವಿದ್ಯುತ್ ಸಂಕೇತವನ್ನಾಗಿ ಮಾಡುತ್ತವೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಆಗಿನ ಸಣ್ಣ ಆಂಪ್ಲಿಫೈಯರುಗಳನ್ನು ಅವುಗಳ ಶಕ್ತಿ ಮೀರಿ ದುಡಿಸಿದಾಗ ಸ್ವರದ ಅಂಚು ಒಡೆದು ಒರಟಾಗುತ್ತಿತ್ತು. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದು ದೋಷ. ಬ್ಲೂಸಿಗೆ ಇದೇ ಭಾಷೆಯಾಯಿತು.

1946ರಲ್ಲಿ ಕೊಲಂಬಿಯ ಕಂಪನಿಗಾಗಿ ವಾಟರ್ಸ್ ಹಾಡಿದ ಕೆಲವು ಹಾಡುಗಳು ಆಗ ಬಿಡುಗಡೆಯಾಗಲಿಲ್ಲ. 1947ರಲ್ಲಿ ಅರಿಸ್ಟೋಕ್ರಾಟ್ ಎಂಬ ಹೊಸ ಸಣ್ಣ ಕಂಪನಿ ಅವನನ್ನು ಕರೆಯಿತು. ಇವೆಲಿನ್ ಆರನ್ ಮತ್ತು ಅವಳ ಪತಿ ಆರಂಭಿಸಿದ್ದ ಈ ಸಂಸ್ಥೆಗೆ ಲಿಯೊನಾರ್ಡ್ ಚೆಸ್ ಎಂಬಾತ ಪಾಲುದಾರನಾಗಿ ಸೇರಿದ. ಲಿಯೊನಾರ್ಡ್ ಮತ್ತು ಅವನ ತಮ್ಮ ಫಿಲ್ ಆಗ ಪೋಲೆಂಡಿಗೆ ಸೇರಿದ್ದ, ಈಗ ಬೆಲಾರೂಸಿನಲ್ಲಿರುವ ಮೊಟಾಲ್ ಎಂಬ ಊರಿನಿಂದ ಬಾಲ್ಯದಲ್ಲೇ ವಲಸೆ ಬಂದ ಯಹೂದಿಗಳು. ಷಿಕಾಗೊದ ದಕ್ಷಿಣ ಭಾಗದಲ್ಲಿ ಅವರು ಮಕೊಂಬ ಎಂಬ ಮದ್ಯದಂಗಡಿಯನ್ನು ನಡೆಸುತ್ತಿದ್ದರು. ಹೀಗೆ ಎರಡು ಭಿನ್ನ ವಲಸೆಗಳು ಒಂದು ಮುದ್ರಣ ಕೊಠಡಿಯಲ್ಲಿ ಭೇಟಿಯಾದವು. ಒಬ್ಬರು ಹಾಡುವವರು, ಮತ್ತೊಬ್ಬರು ಮಾರುವವರು ಎಂಬ ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ.

1948ರ ಏಪ್ರಿಲ್‌ನಲ್ಲಿ ಮುದ್ರಿತವಾದ ‘ಐ ಕಾಂಟ್ ಬಿ ಸ್ಯಾಟಿಸ್‌ಫೈಡ್’ ನಿರ್ಣಾಯಕವಾಯಿತು. ವಾಟರ್ಸ್‌ನ ವಿದ್ಯುತ್ ಗಿಟಾರು, ಬಿಗ್ ಕ್ರಾಫರ್ಡ್‌ನ ದೊಡ್ಡ ಬಾಸ್ ಪಿಟೀಲು, ಇಷ್ಟೇ ವಾದ್ಯಗಳು. ಲಿಯೊನಾರ್ಡ್ ಚೆಸ್‌ಗೆ ಈ ಹಾಡು ಅರ್ಥವಾಗಲಿಲ್ಲ. ಇವೆಲಿನ್ ಆರನ್‌ಗೆ ಅದರಲ್ಲಿ ವಿಶ್ವಾಸವಿತ್ತು. ತಟ್ಟೆ ಅಂಗಡಿಗೆ ಬಂದೊಡನೆ ಮೊದಲ ಕಂತು ಖಾಲಿಯಾಯಿತು. ಕೊಂಡವರಲ್ಲಿ ಹೆಚ್ಚಿನವರು ವಾಟರ್ಸ್‌ನಂತೆಯೇ ದಕ್ಷಿಣದಿಂದ ಬಂದವರು. ತಮ್ಮ ಊರಿನ ಜಾರುಸ್ವರ ನಗರದ ಸದ್ದಿನಲ್ಲಿ ಕೇಳಿಬಂದದ್ದು ಅವರಿಗೆ ಅಪರಿಚಿತವೆನಿಸಲಿಲ್ಲ. ಈ ಹಾಡು 1941ರಲ್ಲಿ ಸ್ಟೋವಾಲ್‌ನ ಜಗಲಿಯಲ್ಲಿ ಹಾಡಿದ ‘ಐ ಬೀಸ್ ಟ್ರಬಲ್ಡ್’ನ ಪಾಠಾಂತರವೇ ಆಗಿತ್ತು. ತಟ್ಟೆಯ ಮತ್ತೊಂದು ಮುಖದಲ್ಲಿದ್ದ ‘ಐ ಫೀಲ್ ಲೈಕ್ ಗೋಯಿಂಗ್ ಹೋಮ್’ ಅದೇ ಜಗಲಿಯ ‘ಕಂಟ್ರಿ ಬ್ಲೂಸ್’ನಿಂದ ಬಂದಿತ್ತು.

ಹಾಡುಗಳ ಕಾಲಾನುಕ್ರಮ

1950ರಲ್ಲಿ ಚೆಸ್ ಸಹೋದರರು ಕಂಪನಿಯನ್ನು ಪೂರ್ತಿಯಾಗಿ ವಹಿಸಿಕೊಂಡು ಅದಕ್ಕೆ ತಮ್ಮ ಮನೆತನದ ಹೆಸರಿಟ್ಟರು. ಆ ಹೆಸರಿನಡಿ ಬಂದ ಎರಡನೆಯ ತಟ್ಟೆಯೇ ವಾಟರ್ಸ್‌ನ ‘ರೋಲಿನ್ ಸ್ಟೋನ್’. ಒಂದು ಕಂಠ, ಒಂದು ವಿದ್ಯುತ್ ಗಿಟಾರು, ನಡುನಡುವೆ ಮೌನ. ‘ಕ್ಯಾಟ್‌ಫಿಷ್ ಬ್ಲೂಸ್’ ಎಂಬ ಡೆಲ್ಟಾ ಪ್ರದೇಶದ ಸಾಮಾನ್ಯ ಸ್ವತ್ತಾದ ಹಾಡಿನ ಒಂದು ರೂಪವಿದು. ಮೌಖಿಕ ಪರಂಪರೆಯಲ್ಲಿ ಎಲ್ಲರದೂ ಆಗಿದ್ದ ಹಾಡು ತಟ್ಟೆಯ ಮೇಲೆ ಅಚ್ಚಾದಾಗ ಒಬ್ಬನ ಹೆಸರಿಗೆ ಸೇರಿತು. ಕರ್ತೃತ್ವದ ಈ ಪ್ರಶ್ನೆ ಬ್ಲೂಸಿನ ಚರಿತ್ರೆಯುದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ.

ಅದೇ ವರ್ಷ ಬಂದ ‘ಲೂಯಿಸಿಯಾನ ಬ್ಲೂಸ್’ನಲ್ಲಿ ಲಿಟ್ಲ್ ವಾಲ್ಟರ್‌ನ ಮೌತ್ ಆರ್ಗನ್ ಜೊತೆಗೂಡಿತು. 1951ರ ನಾಲ್ಕು ಹಾಡುಗಳು ಸಂಕಲನದಲ್ಲಿವೆ: ‘ಲಾಂಗ್ ಡಿಸ್ಟನ್ಸ್ ಕಾಲ್’, ‘ಹನಿ ಬೀ’, ‘ಷಿ ಮೂವ್ಸ್ ಮಿ’, ‘ಸ್ಟಿಲ್ ಎ ಫೂಲ್’. ‘ಹನಿ ಬೀ’ಯಲ್ಲಿ ವಾಲ್ಟರ್ ಮೌತ್ ಆರ್ಗನ್ ಬದಿಗಿಟ್ಟು ಎರಡನೆಯ ಗಿಟಾರು ನುಡಿಸಿದ. ‘ಷಿ ಮೂವ್ಸ್ ಮಿ’ಯ ಮುದ್ರಣದಲ್ಲಿ ಡ್ರಮ್ ವಾದಕನ ಪೆಟ್ಟು ಸರಿಹೊಂದದಿದ್ದಾಗ, ವಾದಕನಲ್ಲದ ಲಿಯೊನಾರ್ಡ್ ಚೆಸ್ ತಾನೇ ಕುಳಿತು ದೊಡ್ಡ ಡ್ರಮ್ಮನ್ನು ಬಾರಿಸಿದ. ಆ ಭಾರವಾದ, ಅಲಂಕಾರವಿಲ್ಲದ ಪೆಟ್ಟು ಇಂದಿಗೂ ಸ್ಪಷ್ಟವಾಗಿ ಕೇಳುತ್ತದೆ.

1952ರ ‘ಸ್ಟ್ಯಾಂಡಿಂಗ್ ಅರೌಂಡ್ ಕ್ರೈಯಿಂಗ್’ ಮತ್ತು 1953ರ ‘ಐ ವಾಂಟ್ ಯು ಟು ಲವ್ ಮಿ’ ಹಾಡುಗಳ ಹೊತ್ತಿಗೆ ಒಂಟಿ ಗಾಯಕನ ಸ್ಥಾನವನ್ನು ಮೇಳ ಆಕ್ರಮಿಸಿತ್ತು. ಜಿಮ್ಮಿ ರಾಜರ್ಸ್‌ನ ಎರಡನೆಯ ಗಿಟಾರು, ಓಟಿಸ್ ಸ್ಪ್ಯಾನ್‌ನ ಪಿಯಾನೊ ಆ ಮೇಳಕ್ಕೆ ರೂಪು ಕೊಟ್ಟವು. ಲಿಟ್ಲ್ ವಾಲ್ಟರ್ ಸಣ್ಣ ಮೈಕ್ರೊಫೋನನ್ನು ಮೌತ್ ಆರ್ಗನ್ನಿನ ಜೊತೆ ಎರಡು ಅಂಗೈಗಳ ನಡುವೆ ಬಿಗಿಹಿಡಿದು ಆಂಪ್ಲಿಫೈಯರಿನ ಮೂಲಕ ನುಡಿಸುತ್ತಿದ್ದ. ಮಕ್ಕಳ ಆಟಿಕೆಯೆಂದು ತಿಳಿಯಲಾಗಿದ್ದ ವಾದ್ಯ ಇಡೀ ಸಭಾಂಗಣವನ್ನು ತುಂಬುವ ವಾದ್ಯವಾಯಿತು.

1954ರ ಜನವರಿ 7ರಂದು ಮುದ್ರಿತವಾದ ‘ಹೂಚಿ ಕೂಚಿ ಮ್ಯಾನ್’ ಈ ಬೆಳವಣಿಗೆಯ ಶಿಖರ. ಇದನ್ನು ರಚಿಸಿದವನು ಬಾಸ್ ವಾದಕ ವಿಲ್ಲಿ ಡಿಕ್ಸನ್. ಕ್ಲಬ್ಬೊಂದರಲ್ಲಿ ಕಾರ್ಯಕ್ರಮದ ವಿರಾಮದ ವೇಳೆ ಶೌಚಾಲಯದಲ್ಲಿ ನಿಂತು ಈ ಹಾಡನ್ನು ವಾಟರ್ಸ್‌ಗೆ ಹೇಳಿಕೊಟ್ಟೆನೆಂದು ಡಿಕ್ಸನ್ ನೆನಪಿಸಿಕೊಂಡಿದ್ದಾನೆ. ಇಲ್ಲಿ ಹನ್ನೆರಡರ ಬಂಧ ಹದಿನಾರಕ್ಕೆ ಹಿಗ್ಗಿದೆ. ಮೇಳವೆಲ್ಲ ಒಟ್ಟಿಗೆ ಒಂದು ಚಿಕ್ಕ ಸ್ವರಗುಚ್ಛವನ್ನು ಹೊಡೆದು ತಟ್ಟನೆ ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ ಗಾಯಕ ತನ್ನ ಹುಟ್ಟು ಮತ್ತು ಮಹಿಮೆಯ ಸಾಲನ್ನು ಹೇಳುತ್ತಾನೆ. ಮತ್ತೆ ಪೆಟ್ಟು, ಮತ್ತೆ ನಿಶ್ಶಬ್ದ. ನಾಟಕೀಯತೆಯೇ ಹಾಡಿನ ರಚನೆಯಾಗಿದೆ. ದಕ್ಷಿಣದ ಮಾಟಮಂತ್ರದ ನಂಬಿಕೆಗಳೆಲ್ಲ ಈ ಹಾಡಿನಲ್ಲಿದ್ದರೂ, ಹಾಡುವವನ ನಿಲುವು ನಗರದ ಗಂಡಸಿನದು. ತನ್ನನ್ನು ಸದಾ ‘ಹುಡುಗ’ನೆಂದೇ ಕರೆಯುತ್ತಿದ್ದ ಸಮಾಜದಲ್ಲಿ ಒಬ್ಬ ಕಪ್ಪು ಮನುಷ್ಯ ತಾನು ಗಂಡಸೆಂದು ಘೋಷಿಸುವುದು ಕೇವಲ ಶೃಂಗಾರದ ಬಡಾಯಿಯಾಗಿರಲಿಲ್ಲ. ಡಿಕ್ಸನ್ನನೇ ರಚಿಸಿದ ‘ಐ ಜಸ್ಟ್ ವಾಂಟ್ ಟು ಮೇಕ್ ಲವ್ ಟು ಯು’ ಮತ್ತು ‘ಐ ಆಮ್ ರೆಡಿ’ ಅದೇ ವರ್ಷ ಬಂದವು.

ಸಂಕಲನದ ಸಂಪಾದನೆ

ಈ ಹಾಡುಗಳೆಲ್ಲ ಮೊದಲು ಬಿಡಿ ತಟ್ಟೆಗಳಾಗಿ ಬಂದವು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಹಾಡಷ್ಟೇ ಹಿಡಿಸುತ್ತಿತ್ತು. ರಾತ್ರಿಯಿಡೀ ಬೆಳೆಯುವ ಹಾಡುಗಾರಿಕೆ ಮೂರು ನಿಮಿಷಗಳ ಶಿಸ್ತಿಗೆ ಒಳಪಟ್ಟಿತು. 1948ರಲ್ಲಿ ಕೊಲಂಬಿಯ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಎಲ್.ಪಿ. ತಟ್ಟೆಯನ್ನು ಮಾರುಕಟ್ಟೆಗೆ ತಂದಿತ್ತು. ಬ್ಲೂಸ್ ಕೇಳುವ ದುಡಿಯುವ ಜನ ಮಾತ್ರ ಅಗ್ಗದ ಬಿಡಿ ತಟ್ಟೆಗಳನ್ನೇ ಕೊಳ್ಳುತ್ತಿದ್ದರು. ಆದ್ದರಿಂದ 1958ರಲ್ಲಿ ವಾಟರ್ಸ್‌ನ ಮೊದಲ ಎಲ್.ಪಿ. ಬಂದಾಗ ಅದರಲ್ಲಿದ್ದುದು ಹೊಸ ಹಾಡುಗಳಲ್ಲ. ಅದರ ಹಿಂದೆಯೇ ಲಿಟ್ಲ್ ವಾಲ್ಟರ್‌ನ ಇದೇ ಬಗೆಯ ಸಂಕಲನವೂ ಬಂದಿತು. ಲಕೋಟೆಯ ಹಿಂಬದಿಯ ಟಿಪ್ಪಣಿಯನ್ನು ಬರೆದವನು ಸ್ಟಡ್ಸ್ ಟರ್ಕೆಲ್. ಸಾಮಾನ್ಯ ಜನರ ಮೌಖಿಕ ಇತಿಹಾಸವನ್ನು ಸಂಗ್ರಹಿಸಿ ಮುಂದೆ ಹೆಸರಾದ ಷಿಕಾಗೊದ ರೇಡಿಯೊ ಪ್ರಸಾರಕ. ಟಿಪ್ಪಣಿಯಿರುವ ತಟ್ಟೆ ಓದುವ ಕೇಳುಗನನ್ನು ಕಲ್ಪಿಸಿಕೊಂಡಿತ್ತು ಎಂಬುದು ಗಮನಾರ್ಹ.

ಸಂಪಾದನೆಯ ದೃಷ್ಟಿಯಿಂದ ಮೂರು ಸಂಗತಿಗಳು ವಿಚಾರಾರ್ಹವಾಗಿವೆ. ಮೊದಲನೆಯದು ಕ್ರಮ. ಹಾಡುಗಳು ಕಾಲಾನುಕ್ರಮದಲ್ಲಿಲ್ಲ. ತಟ್ಟೆ ಆರಂಭವಾಗುವುದು 1954ರ ಮೇಳದ ಹಾಡಿನಿಂದ. ಮುಗಿಯುವುದು 1948ರ ‘ಐ ಕಾಂಟ್ ಬಿ ಸ್ಯಾಟಿಸ್‌ಫೈಡ್’ನಲ್ಲಿ. ಮೊದಲ ಮುಖ ಮತ್ತು ಎರಡನೆಯ ಮುಖ ಎರಡೂ ಡಿಕ್ಸನ್‌ನ ರಚನೆಗಳಿಂದ ತೊಡಗುತ್ತವೆ. ಜನಪ್ರಿಯವಾದುದನ್ನು ಮುಂದಿಡುವ ವ್ಯಾಪಾರದ ಲೆಕ್ಕ ಇದರಲ್ಲಿದೆ.

ಎರಡನೆಯದು ಆಯ್ಕೆ. 1948ರ ತಟ್ಟೆಯ ಒಂದು ಮುಖವನ್ನು ತೆಗೆದುಕೊಂಡು, ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದ ‘ಐ ಫೀಲ್ ಲೈಕ್ ಗೋಯಿಂಗ್ ಹೋಮ್’ ಎಂಬ ಮತ್ತೊಂದು ಮುಖವನ್ನು ಕೈಬಿಡಲಾಗಿದೆ. ಮನೆಗೆ ಮರಳುವ ಹಂಬಲವನ್ನು ಶೀರ್ಷಿಕೆಯಲ್ಲೇ ಹೊತ್ತ ಹಾಡು ಬಿಟ್ಟುಹೋಗಿ, ಅತೃಪ್ತಿಯ ಹಾಡು ಉಳಿದಿದೆ. 1955ರ ‘ಮ್ಯಾನಿಷ್ ಬಾಯ್’ನಂಥ ಪ್ರಸಿದ್ಧ ಹಾಡೂ ಇಲ್ಲಿಲ್ಲ. ಶೀರ್ಷಿಕೆಯ ‘ಬೆಸ್ಟ್’ ಎಂಬ ಪದವನ್ನು ವಿಮರ್ಶೆಯ ತೀರ್ಮಾನವೆಂದು ಓದಬಾರದು.

ಮೂರನೆಯದು ಮೌನ. ಯಾವ ಹಾಡಿನಲ್ಲಿ ಯಾರು ಏನು ನುಡಿಸಿದರೆಂಬ ವಿವರವನ್ನು ಆ ಕಾಲದ ಕಂಪನಿಗಳು ದಾಖಲಿಸಿಕೊಂಡದ್ದು ಕಡಿಮೆ. ವಾದಕರ ಹೆಸರುಗಳನ್ನು ಮುಂದೆ ಸಂಶೋಧಕರು ನೆನಪುಗಳನ್ನೂ ಕಡತಗಳನ್ನೂ ತಾಳೆ ನೋಡಿ ಕಲೆಹಾಕಬೇಕಾಯಿತು. ಹಣದ ವಿಷಯದಲ್ಲೂ ಇಂಥದೇ ಮೌನವಿತ್ತು. ಹಾಡುಗಳ ಪ್ರಕಾಶನದ ಹಕ್ಕು ಚೆಸ್ ಸಹೋದರರು ಪಾಲುದಾರರಾಗಿದ್ದ ಆರ್ಕ್ ಮ್ಯೂಸಿಕ್ ಸಂಸ್ಥೆಯಲ್ಲಿತ್ತು. ತಮಗೆ ಸಲ್ಲಬೇಕಾದ ಗೌರವಧನ ಸಂದಿಲ್ಲವೆಂದು ವಾಟರ್ಸ್ ಮತ್ತು ಡಿಕ್ಸನ್ 1970ರ ದಶಕದಲ್ಲಿ ಆ ಸಂಸ್ಥೆಯ ಮೇಲೆ ದಾವೆ ಹೂಡಿದರು. ಅದು ರಾಜಿಯಲ್ಲಿ ಕೊನೆಗೊಂಡಿತು. ಎರಡೂವರೆ ಸೆಂಟಿಗಾಗಿ ಊರು ಬಿಟ್ಟವನು ಮೂರು ದಶಕಗಳ ಬಳಿಕವೂ ತನ್ನ ದುಡಿಮೆಯ ಬೆಲೆಯನ್ನು ಕೇಳಬೇಕಾಗಿ ಬಂದಿತು.

ದಾಟಿದ ಕಡಲು

ಸಂಕಲನ ಹೊರಬಂದ 1958ರಲ್ಲಿಯೇ ವಾಟರ್ಸ್ ಮತ್ತು ಓಟಿಸ್ ಸ್ಪ್ಯಾನ್ ಇಂಗ್ಲೆಂಡಿಗೆ ಹೋದರು. ಹಳ್ಳಿಯ ಬ್ಲೂಸನ್ನೇ ನಿಜವಾದ ಬ್ಲೂಸೆಂದು ನಂಬಿದ್ದ ಅಲ್ಲಿನ ಕೆಲವು ವಿಮರ್ಶಕರಿಗೆ ವಿದ್ಯುತ್ ಗಿಟಾರಿನ ಅಬ್ಬರ ಸಹ್ಯವಾಗಲಿಲ್ಲ. ಮುಂದಿನ ಸಲ ವಾಟರ್ಸ್ ಸಾದಾ ಗಿಟಾರನ್ನು ತಂದಾಗ, ಅಷ್ಟರಲ್ಲಿ ಬದಲಾಗಿದ್ದ ಯುವ ಕೇಳುಗರು ವಿದ್ಯುತ್ ಗಿಟಾರನ್ನೇ ಬಯಸಿದರು. ಆ ಬದಲಾವಣೆಗೆ ಕಾರಣವಾದ ವಸ್ತುಗಳಲ್ಲಿ ಈ ಎಲ್.ಪಿ.ಯೂ ಒಂದು. 1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ತನ್ನ ಬಾಲ್ಯದ ಪರಿಚಿತ ಮಿಕ್ ಜ್ಯಾಗರನನ್ನು ಕಂಡಾಗ, ಜ್ಯಾಗರನ ಕಂಕುಳಲ್ಲಿದ್ದ ತಟ್ಟೆಗಳಲ್ಲಿ ಒಂದು ಇದೇ ಆಗಿತ್ತೆಂದು ರಿಚರ್ಡ್ಸ್ ಹೇಳಿದ್ದಾನೆ. 1962ರಲ್ಲಿ ಅವರ ತಂಡ ತನ್ನ ಹೆಸರನ್ನು ‘ರೋಲಿನ್ ಸ್ಟೋನ್’ ಹಾಡಿನಿಂದ ಪಡೆಯಿತು. ಷಿಕಾಗೊದ ಮದ್ಯದಂಗಡಿಗಳಿಗೆ ಬರಲು ಸಾಧ್ಯವಿಲ್ಲದ, ಬಿಡಿ ತಟ್ಟೆಗಳು ಕೈಗೆಟುಕದ ದೂರದ ಕೇಳುಗರಿಗೆ ಆರು ವರ್ಷಗಳ ಚರಿತ್ರೆ ಒಂದೇ ಲಕೋಟೆಯಲ್ಲಿ ಸಿಕ್ಕಿತ್ತು. ಸಂಕಲನ ಆಧಾರಗ್ರಂಥವಾದದ್ದು ಹೀಗೆ.

ಲಿಯೊನಾರ್ಡ್ ಚೆಸ್ 1969ರಲ್ಲಿ ತೀರಿಕೊಂಡ. ಕಂಪನಿ ಅದೇ ವರ್ಷ ಬೇರೆಯವರ ಕೈಸೇರಿ, ಮುಂದೆ ಹಲವು ಒಡೆತನಗಳನ್ನು ಕಂಡಿತು. ಮಡ್ಡಿ ವಾಟರ್ಸ್ 1983ರ ಏಪ್ರಿಲ್ 30ರಂದು ನಿಧನನಾದ. ವಿಲ್ಲಿ ಡಿಕ್ಸನ್ 1992ರಲ್ಲಿ. 2004ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ‘ಹೂಚಿ ಕೂಚಿ ಮ್ಯಾನ್’ ಹಾಡನ್ನು ಸೇರಿಸಿಕೊಂಡಿತು. ಟ್ರ್ಯಾಕ್ಟರ್ ಚಾಲಕನ ಧ್ವನಿಯನ್ನು 1941ರಲ್ಲಿ ಅರಸಿಕೊಂಡು ಹೋದದ್ದೂ ಅದೇ ಸಂಸ್ಥೆ.

ಈ ಸಂಕಲನವನ್ನು ಅಭ್ಯಾಸ ಮಾಡುವವರು ಅದನ್ನು ಎರಡು ಬಾರಿ ಕೇಳಬೇಕಾಗುತ್ತದೆ. ಕಾಲಾನುಕ್ರಮದಲ್ಲಿ ಕೇಳಿದರೆ ಒಬ್ಬ ಒಂಟಿ ಹಾಡುಗಾರನ ಸುತ್ತ ಒಂದೊಂದಾಗಿ ವಾದ್ಯಗಳು ಬಂದು ಕೂಡುವುದು, ಹಳ್ಳಿಯ ಹಾಡು ನಗರದ ಮೇಳವಾಗುವುದು ಕಿವಿಗೆ ತಿಳಿಯುತ್ತದೆ. ತಟ್ಟೆಯ ಕ್ರಮದಲ್ಲಿ ಕೇಳಿದರೆ ಮೇಳದ ಅಬ್ಬರದಿಂದ ಹೊರಟು ಹನ್ನೆರಡನೆಯ ಹಾಡಿಗೆ ಬರುವಾಗ ಡ್ರಮ್ ಇಲ್ಲ, ಪಿಯಾನೊ ಇಲ್ಲ, ಮೌತ್ ಆರ್ಗನ್ ಇಲ್ಲ. ಜಾರುವ ತಂತಿ ಮತ್ತು ಕಂಠದ ಹಿಂದೆ ಒಂದು ಬಾಸ್ ಮಾತ್ರ ಉಳಿದಿರುತ್ತದೆ. ಹಾಡು ಸ್ಟೋವಾಲ್‌ನ ಜಗಲಿಯಲ್ಲಿ ಹಾಡಿದ್ದೇ ಆಗಿರುತ್ತದೆ. ಮಾರಾಟಗಾರರು ಕೊನೆಗೆ ತಳ್ಳಿದ ಆ ಹಾಡಿನಲ್ಲಿ ಮೊದಲಿನದೆಲ್ಲ ಇದೆ.